ಮೊಹೊ ಗಡಿ, ಇಳಕಲ್ಲಿನ ಗಡಿಯಾರ, ನನ್ನ ಹೊಟ್ಟೆಕಿಚ್ಚು

ನಮ್ಮ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಹುನಗುಂದದ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು ಸ್ವಲ್ಪ ಸಂಕೋಚ ಕಳೆದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಸರ, ಅಷ್ಟು ಆಳಕ್ಕ ಯಾರೂ ಇಳದು ನೋಡಿಲ್ಲ. ಮತ್ತ ಇಲ್ಲಿಗೆ ಒಂದು ಪದರ ಮುಗೀತು, ಇಲ್ಲಿಂದ ಇನ್ನೊಂದು ಚಾಲೂ ಆತು ಅಂತ ಹ್ಯಾಂಗ ಹೇಳತಿದ್ರಿ?"

ಹೇಳುತ್ತಿದ್ದವರು ಬೇರೆ. ನಾನು ವೀಕ್ಷಕ. ಭೂಕಂಪಮಾಪಕವನ್ನು ಕಾಯುವುದು, ಅದು ಗೀಚಿದ್ದನ್ನು ತರುವುದು, ಅಲೆ ಬಂದ ಜಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕುವುದು, ಇಷ್ಟೇ ನನ್ನ ಕೆಲಸ. ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನೇ ಮಾಡಿದೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಸೇವಾ ಪುಸ್ತಕದಲ್ಲಿದೆ, ಅದನ್ನು ಯಾರೂ ಓದಬೇಕಿಲ್ಲ. ನಾನು ಇಲ್ಲಿ ಬರೆಯುವುದು ಸೇವಾ ಪುಸ್ತಕದಲ್ಲಿ ಇಲ್ಲದ್ದನ್ನು.

ನಮ್ಮ ಕಚೇರಿ ಬಾಗಲಕೋಟೆಯ ನವನಗರದಲ್ಲಿತ್ತು. ನನ್ನ ಪಾಲಿಗೆ ಎರಡು ಕೇಂದ್ರಗಳು. ಒಂದು ಬಾದಾಮಿಯ ಆಚೆ ಮಹಾಕೂಟದ ದಾರಿಯಲ್ಲಿ, ಮರಳುಗಲ್ಲಿನ ಬಂಡೆಯ ಮೇಲೆ. ಇನ್ನೊಂದು ಇಳಕಲ್ಲಿನ ಅಂಚಿನಲ್ಲಿ, ಕೆಂಪು ಗ್ರಾನೈಟಿನ ಮೇಲೆ. ಕೇಂದ್ರ ಎಂದರೆ ದೊಡ್ಡ ಕಟ್ಟಡವೇನಲ್ಲ. ಸೊಂಟದ ಆಳದ ಗುಂಡಿ, ಅದರೊಳಗೆ ಮಾಪಕದ ಪೆಟ್ಟಿಗೆ, ಮೇಲೆ ತಗಡಿನ ಮುಚ್ಚಳ, ಪಕ್ಕದಲ್ಲಿ ಬ್ಯಾಟರಿ ಇಡಲು ಚಿಕ್ಕ ಖೋಲಿ. ಹದಿನೈದು ದಿನಕ್ಕೊಮ್ಮೆ ಜೀಪಿನಲ್ಲಿ ಹೋಗಿ ಎರಡನ್ನೂ ನೋಡಿ ಬರಬೇಕು. ಗುಂಡಿಯಲ್ಲಿ ಚೇಳಿದ್ದರೆ ಮೊದಲು ಅದರ ವ್ಯವಸ್ಥೆ.

ಸುತ್ತಲಿನ ಹಳ್ಳಿಯವರಿಗೆ ನಾವು ನೆಲದೊಳಗೆ ಏನೋ ಹುಡುಕುತ್ತೇವೆ ಎಂದಷ್ಟೇ ಗೊತ್ತು. "ಸಾಹೇಬ್ರ, ಬೋರಿಗೆ ನೀರು ಎಲ್ಲೈತಿ ತೋರಸ್ರಿ" ಎನ್ನುವರು. ನಾವು ನೋಡುತ್ತಿರುವುದು ಮೂವತ್ತೈದು ನಲವತ್ತು ಕಿಲೋಮೀಟರ್ ಕೆಳಗಿನದು ಎಂದರೆ ನಕ್ಕುಬಿಡುವರು. "ಅಲ್ಲಿದ್ದದ್ದು ತಗೊಂಡು ಏನ್ ಮಾಡ್ತೀರಿ?"

ಆ ಹೊಸಬರ ಪ್ರಶ್ನೆಗೆ ಬರುತ್ತೇನೆ. ನಾವು ನಿಂತಿರುವ ಗಟ್ಟಿ ನೆಲದ ಹೊರಪದರ ಮೂವತ್ತೈದು ನಲವತ್ತು ಕಿಲೋಮೀಟರಿಗೆ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಬೇರೆ ಜಾತಿಯ, ಇನ್ನೂ ಭಾರದ ಕಲ್ಲು. ಆ ಗಡಿಗೆ ನಾವು ಮೊಹೊ ಎನ್ನುತ್ತಿದ್ದೆವು. ಇನ್ನೂ ಆಳಕ್ಕೆ, ಸುಮಾರು ಎರಡು ಸಾವಿರದ ಒಂಬೈನೂರು ಕಿಲೋಮೀಟರಿಗೆ, ಆ ಕಲ್ಲೂ ಮುಗಿದು ಕರಗಿದ ಕಬ್ಬಿಣದ ತಿರುಳು ಶುರುವಾಗುತ್ತದೆ. ಅದು ಇನ್ನೊಂದು ಗಡಿ. ದೂರದಲ್ಲೆಲ್ಲೋ ಭೂಕಂಪವಾದಾಗ ಹೊರಟ ಅಲೆಗಳು ಭೂಮಿಯ ಒಳಗಿನಿಂದ ಹಾದು ನಮ್ಮ ಪೆಟ್ಟಿಗೆಗೆ ಬರುತ್ತವೆ. ಗಡಿ ಸಿಕ್ಕಲ್ಲಿ ಕೆಲವು ಅಲೆ ತಿರುಗಿ ಚಿಮ್ಮುತ್ತವೆ, ಕೆಲವು ಬಾಗುತ್ತವೆ, ಕೆಲವು ರೂಪ ಬದಲಿಸಿ ನಿಧಾನವಾಗುತ್ತವೆ. ಯಾವುದು ಎಷ್ಟು ಹೊತ್ತಿಗೆ ಬಂತು ಎಂಬುದರಿಂದ ಗಡಿ ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕುವುದು. ಹಾಗಾಗಿ ಪೆಟ್ಟಿಗೆಗಿಂತ ಮುಖ್ಯ ಅದರ ಜೊತೆಗಿರುವ ಗಡಿಯಾರ. ಈ ಮಾತನ್ನು ಸ್ವಲ್ಪ ಮನಸ್ಸಿನಲ್ಲಿಡಿ.

ನಾನು ಸೇರಿದಾಗ ಮಸಿ ಕಾಗದದ ಕಾಲ. ಚಿಮಣಿ ಎಣ್ಣೆಯ ಹೊಗೆ ಹಿಡಿಸಿ ಕಪ್ಪು ಮಾಡಿದ ಕಾಗದವನ್ನು ಉರುಳೆಗೆ ಸುತ್ತಿ ಇಟ್ಟರೆ, ಸೂಜಿ ಅದರ ಮೇಲೆ ಬಿಳಿ ಗೆರೆ ಎಳೆಯುತ್ತಿತ್ತು. ಆಮೇಲೆ ಶಾಯಿಯ ಪೆನ್ನು ಬಂತು. ಆಮೇಲೆ ಕಾಗದವೇ ಹೋಗಿ ಎಲ್ಲವೂ ಡಿಸ್ಕಿಗೆ, ಡಿಸ್ಕಿನಿಂದ ಪರದೆಗೆ ಬಂತು. ಕಾಗದದ ಕಾಲದಲ್ಲಿ ಗೆರೆ ಓದುವುದರಲ್ಲಿ ನನ್ನ ಸಮ ಯಾರೂ ಇರಲಿಲ್ಲ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ. ಮಹಾಕೂಟಕ್ಕೆ ಅಮಾವಾಸ್ಯೆಯ ಜನ ಬಂದದ್ದು, ಇಳಕಲ್ಲಿನ ಗಣಿಯಲ್ಲಿ ಕಲ್ಲು ಸಿಡಿಸಿದ್ದು, ಎಲ್ಲ ಗೆರೆ ನೋಡಿಯೇ ಹೇಳುತ್ತಿದ್ದೆ. ಇಳಕಲ್ಲಿನ ಕೇಂದ್ರದ ಪಕ್ಕದ ಮನೆಯಲ್ಲಿ ನೀಲವ್ವ ಎಂಬಾಕೆ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಅವಳ ಮಗ್ಗದ ಬಡಿತ ನಮ್ಮ ಗೆರೆಯ ಮೇಲೆ ಸಣ್ಣ ಹಲ್ಲುಗಳ ಸಾಲಿನಂತೆ ಮೂಡುತ್ತಿತ್ತು. "ನೀಲವ್ವಾ, ಮೊನ್ನಿ ಸೋಮವಾರ ಮಧ್ಯಾಹ್ನ ಮಗ್ಗ ಬಿಟ್ಟು ಎಲ್ಲಿಗೆ ಹೋಗಿದ್ದಿ?" ಎಂದು ಕೇಳಿದರೆ ಆಕೆ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದಳು. ಅದು ನನ್ನ ಹೆಮ್ಮೆಯ ಆಟ.

ನಮ್ಮ ಮೇಲಧಿಕಾರಿ ಪಾಟೀಲರು. ಭಾಳ ತಿಳಿದವರು, ಮಾತು ಕಡಿಮೆ. ನಾನು ಗುರುತು ಹಾಕಿದ ಕಾಗದವನ್ನು ಭೂತಗನ್ನಡಿ ಹಿಡಿದು ನೋಡಿ "ಹೂಂ" ಎನ್ನುವರು. ತಪ್ಪಿದ್ದರೆ "ಹೂಂಹೂಂ" ಎನ್ನುವರು. ಅವರ ಬಾಯಿಂದ ಒಮ್ಮೆ ಶಾಭಾಸ್ ಅನ್ನಿಸಿಕೊಳ್ಳಬೇಕೆಂದು ಎಷ್ಟೋ ವರ್ಷ ಕಾದಿದ್ದೆ. ಅದು ನನ್ನ ಕಣ್ಣೆದುರಿಗೇ ಬಂತು, ಆದರೆ ನನಗಲ್ಲ.

ಶೈಲಜಾ ಬಂದದ್ದು ಡಿಸ್ಕಿನ ಕಾಲದಲ್ಲಿ. ಬಾದಾಮಿಯವಳು. ಅವಳ ತಂದೆ ಸಂಸ್ಕೃತದ ಮಾಸ್ತರರು. ಅವಳನ್ನು ತಾತ್ಪೂರ್ತಿಕವಾಗಿ, ಕೆಲಸ ನೋಡಿ ಆಮೇಲೆ ಕಾಯಂ ಮಾಡುವ ಮಾತಿನ ಮೇಲೆ ತೆಗೆದುಕೊಂಡಿದ್ದರು. ತೆಳ್ಳಗಿನ ಹುಡುಗಿ, ದಪ್ಪ ಕನ್ನಡಕ. ಮೊದಲ ದಿನ ನನಗೆ ನಮಸ್ಕಾರ ಮಾಡಿ, "ಸಂಗಣ್ಣಾರ, ಗೆರಿ ಓದೋದು ನಿಮ್ಮ ಕಡಿಂದನ ಕಲೀಬೇಕು ಅಂತ ಎಲ್ಲಾರೂ ಹೇಳ್ಯಾರ್ರಿ" ಎಂದಳು. ನನಗೆ ಖುಷಿಯಾಯಿತು. ಆ ಖುಷಿ ಮೂರು ವಾರವೂ ಉಳಿಯಲಿಲ್ಲ.

ಪೂರ್ವದ ಸಮುದ್ರದ ಕಡೆ ಒಂದು ದೊಡ್ಡ ಭೂಕಂಪವಾಗಿತ್ತು. ಅದರ ಮೊದಲ ಅಲೆ ನಮ್ಮಲ್ಲಿಗೆ ಬಂದ ಎರಡು ಮೂರು ನಿಮಿಷದ ಮೇಲೆ ಇಳಕಲ್ಲಿನ ಗೆರೆಯಲ್ಲಿ ಒಂದು ಚಿಕ್ಕ ಚೂಪಾದ ಮೊನೆ ಕಾಣಿಸಿತ್ತು. ನಾನು ಅದಕ್ಕೆ "ಗಣಿ ಸಿಡಿತ" ಎಂದು ಬರೆದು ಮುಂದೆ ಹೋದೆ. ದಿನಾ ನೋಡಿದ ಆಕಾರ ಅದು. ಶೈಲಜಾ ಪರದೆಯ ಮುಂದೆ ಕುಳಿತು ಅದರ ಪಕ್ಕದಲ್ಲಿ ಬಾದಾಮಿಯ ಗೆರೆಯನ್ನೂ ತೆರೆದಳು.

"ಸಂಗಣ್ಣಾರ, ಇಳಕಲ್ಲದಾಗ ಸಿಡಿಸಿದ್ರ ಅದು ಬಾದಾಮಿಗೆ ಬರಲಿಕ್ಕೆ ಎಷ್ಟು ಹೊತ್ತು ಬೇಕ್ರಿ?"

"ಹತ್ತು ಹನ್ನೊಂದು ಸೆಕೆಂಡು."

"ಮತ್ತ ಇದು ಎರಡೂ ಕಡೆ ಹೆಚ್ಚುಕಡಿಮಿ ಒಮ್ಮೆಲೇ ಬಂದದಲ್ಲ್ರೀ. ಇದು ಬಾಜೂದಿಂದ ಬಂದದ್ದಲ್ಲ. ಕೆಳಗಿಂದ ಬಂದದ."

ಪಾಟೀಲರು ತಮ್ಮ ಕುರ್ಚಿಯಿಂದ ಎದ್ದು ಬಂದರು. ಎರಡೂ ಗೆರೆ ನೋಡಿದರು. ಅದು ತಿರುಳಿನ ಗಡಿಗೆ ಬಡಿದು ತಿರುಗಿ ಬಂದ ಅಲೆಯಾಗಿತ್ತು. ಎರಡು ಸಾವಿರದ ಒಂಬೈನೂರು ಕಿಲೋಮೀಟರ್ ಕೆಳಗೆ ಹೋಗಿ ಬಂದದ್ದಕ್ಕೆ ನಾನು ಗಣಿಯ ಹೆಸರು ಕೊಟ್ಟಿದ್ದೆ. ಪಾಟೀಲರು ಅವಳ ಕಡೆ ನೋಡಿ, "ಶಾಭಾಸ್ ತಂಗಿ" ಎಂದರು. ನನ್ನ ಕಡೆ ನೋಡಲೇ ಇಲ್ಲ. "ಹೂಂಹೂಂ" ಎಂದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ.

ಆಮೇಲೆ ಒಂದೊಂದೂ ಚುಚ್ಚತೊಡಗಿತು. ಒಂದು ದಿನ ಇಳಕಲ್ಲಿನ ಗೆರೆ ನೋಡುತ್ತ ಅವಳು, "ಈ ವಾರ ನೇಯ್ದಾಕಿ ನೀಲವ್ವ ಅಲ್ಲ. ಬಡಿತ ಬ್ಯಾರೆ ಅದ, ನಡುನಡುವ ಥಟ್ಟನೆ ನಿಲ್ತದ" ಎಂದಳು. ನಾನು ನಕ್ಕೆ. ಮುಂದಿನ ಸಲ ಹೋದಾಗ ನೀಲವ್ವ ಕೈಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ಒಳಗೆ ಮಗ್ಗದಲ್ಲಿ ಅವಳ ಸೊಸೆ ಇದ್ದಳು, ಇನ್ನೂ ಕಲಿಯುತ್ತಿದ್ದಳು. ನವನಗರಕ್ಕೆ ಬಂದು ಈ ಸುದ್ದಿಯನ್ನು ನಾನು ಯಾರಿಗೂ ಹೇಳಲಿಲ್ಲ. ಶೈಲಜಾ ತಾನಾಗಿಯೇ ಕೇಳಿದಾಗ, "ನೋಡೂದು ಮರ್ತೆ" ಎಂದೆ.

ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಅವಳದೇ ಮಾತು. ಒಂದು ದಿನ ನನ್ನ ಹೆಂಡತಿ ರೊಟ್ಟಿ ಹಾಕುತ್ತ ಕೇಳಿದಳು. "ದಿನಾ ಆ ಹುಡುಗೀನ್ನ ಬೈತೀರಿ. ಅಕಿ ಏನ್ ಮಾಡ್ಯಾಳ ನಿಮಗ?"

"ಏನೂ ಮಾಡಿಲ್ಲ."

"ಕೆಟ್ಟ ಮಾತಾಡ್ಯಾಳೇನು?"

"ಇಲ್ಲ. ಭಾಳ ಮರ್ಯಾದಿ ಕೊಡ್ತಾಳ."

"ಮತ್ತ ಹೊಟ್ಟಿಕಿಚ್ಚು ಅಂತ ಸೀದಾ ಹೇಳ್ರಿ, ಪಲ್ಯಾನರ ರುಚಿ ಹತ್ತೀತು" ಎಂದು ಒಳಗೆ ಹೋದಳು. ನನಗೆ ಸಿಟ್ಟು ಬಂತು. ಅವಳು ಹೇಳಿದ್ದು ಖರೆಯಾದ್ದರಿಂದ ಇನ್ನೂ ಹೆಚ್ಚು ಬಂತು.

ಇಂಥ ಹೊತ್ತಿನಲ್ಲೇ ಇಳಕಲ್ಲಿನ ಗಡಿಯಾರ ಕೆಟ್ಟಿತು. ಪೆಟ್ಟಿಗೆಯ ಗಡಿಯಾರಕ್ಕೆ ಉಪಗ್ರಹದಿಂದ ಸಮಯ ತರುವ ಒಂದು ವಾಯರು ಇರುತ್ತದೆ. ಅದನ್ನು ಇಲಿ ಕಡಿದಿತ್ತು. ವಾಯರು ಇಲ್ಲದಿದ್ದರೂ ಗಡಿಯಾರ ನಡೆಯುತ್ತದೆ, ಆದರೆ ದಿನದಿನಕ್ಕೆ ಕೂದಲೆಳೆಯಷ್ಟು ಮುಂದೆ ಹೋಗುತ್ತದೆ. ಆ ಹಳೆಯ ಪೆಟ್ಟಿಗೆಗಳಲ್ಲಿ ಗಡಿಯಾರದ ಸ್ಥಿತಿಯನ್ನು ಸ್ಥಳದಲ್ಲೇ ನೋಡಿ ಕೇಂದ್ರದ ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ಕಚೇರಿಗೆ ತಿಳಿಸದೆ ಹೊರಗಿನ ಅಂಗಡಿಯಲ್ಲಿ ಕೇಳಿದರೆ ಹೊಸ ವಾಯರು ಬರುವುದು ತಡ ಎಂದರು. ಮುಚ್ಚಳ ಸಡಿಲ ಬಿಟ್ಟವನು ನಾನೇ, ಇಲಿ ಹೊಕ್ಕದ್ದು ಅದರಿಂದಲೇ. ಬೈಸಿಕೊಳ್ಳುವುದು ಬೇಡ ಎಂದು ರಿಜಿಸ್ಟರಿನಲ್ಲಿ "ಸರಿ" ಎಂದು ಬರೆದೆ. ಆದರೂ ಕಸುಬಿನ ರೂಢಿ ಬಿಡಲಿಲ್ಲ. ಪ್ರತಿ ಭೇಟಿಯಲ್ಲಿ ಉಪಗ್ರಹದ ಸಮಯವನ್ನೇ ತೋರಿಸುವ ಒಂದು ಕೈ ಉಪಕರಣದ ಜೊತೆ ಹೋಲಿಸಿ, ಗಡಿಯಾರ ಎಷ್ಟು ಮುಂದೆ ಹೋಗಿದೆ ಎಂದು ನನ್ನ ಜೇಬಿನ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ವಾಯರು ಬಂದ ಮೇಲೆ ಎಲ್ಲ ತಿದ್ದಿದರಾಯಿತು ಎಂಬ ಯೋಚನೆ. ಇಲ್ಲಿಯವರೆಗಿನದು ಅಂಜುಬುರುಕತನ. ಮುಂದಿನದು ಬೇರೆ.

ಆ ದಿನಗಳಲ್ಲಿ ಒಂದೇ ವಾರದಲ್ಲಿ ದೂರದಿಂದ ಎರಡು ದೊಡ್ಡ ಭೂಕಂಪಗಳ ಅಲೆ ಬಂದವು. ಶೈಲಜಾ ಎರಡೂ ಕೇಂದ್ರಗಳ ಸಮಯ ಹೋಲಿಸಿ ನೋಡಿದಳು. ಬಾದಾಮಿಗೆ ಬಂದ ಹೊತ್ತಿನಿಂದ ಲೆಕ್ಕ ಹಾಕಿದರೆ, ಇಳಕಲ್ಲಿಗೆ ಅಲೆ ಬರಬೇಕಾದ ಹೊತ್ತಿಗಿಂತ ತಡವಾಗಿ ಬಂದಿತ್ತು. ತಡ ಎಂದರೆ ಸೆಕೆಂಡಿನ ಹತ್ತರಲ್ಲಿ ಎರಡು ಭಾಗ. ಅಷ್ಟೇ ಸಾಕು. ಹೊರಪದರದ ಕಲ್ಲಿನಲ್ಲಿ ಅಲೆ ನಿಧಾನ, ಅದರ ಕೆಳಗೆ ವೇಗ. ತಡವಾಗಿದೆ ಎಂದರೆ ಇಳಕಲ್ಲಿನ ಕೆಳಗೆ ಹೊರಪದರ ಹೆಚ್ಚು ದಪ್ಪ. ನಮ್ಮ ಲೆಕ್ಕದಲ್ಲಿ ಆರೇಳು ಕಿಲೋಮೀಟರ್ ಹೆಚ್ಚು. ಅಂದರೆ ಬಾದಾಮಿಗೂ ಇಳಕಲ್ಲಿಗೂ ನಡುವೆ ಎಲ್ಲೋ ಮೊಹೊ ಗಡಿ ಮೆಟ್ಟಿಲಿನಂತೆ ಕೆಳಗಿಳಿದಿದೆ. ಇದು ದೊಡ್ಡ ಸುದ್ದಿ.

ಅವಳು ದುಡುಕುವವಳಲ್ಲ. ರಿಜಿಸ್ಟರು ನೋಡಿದಳು, "ಸರಿ" ಎಂದಿತ್ತು. ಅಷ್ಟಕ್ಕೂ ಬಿಡದೆ ನನ್ನ ಮೇಜಿನ ಹತ್ತಿರ ಬಂದಳು.

"ಸಂಗಣ್ಣಾರ, ಇಳಕಲ್ಲ ಗಡಿಯಾರ ಖರೇನ ಸರಿ ಅದ ಅಲ್ರೀ?"

ಜೇಬಿನ ಪುಸ್ತಕ ನನ್ನ ಎದೆಯ ಮೇಲೇ ಇತ್ತು. ಹಿಂದಿನ ವಾರವಷ್ಟೇ ಬರೆದ ಅಂಕಿ, ಸೆಕೆಂಡಿನ ಹತ್ತರಲ್ಲಿ ಎರಡು ಭಾಗ. ಗಡಿಯಾರ ಮುಂದಿದ್ದರೆ ಸರಿಯಾದ ಹೊತ್ತಿಗೆ ಬಂದ ಅಲೆಯೂ ತಡವಾಗಿ ಬಂದಂತೆ ಕಾಣುತ್ತದೆ. ಅವಳ ಮೆಟ್ಟಿಲು ಪೂರ್ತಿ ಆ ಅಂಕಿಯೇ ಎಂದು ನನಗೆ ಆ ಕ್ಷಣಕ್ಕೇ ಹೊಳೆಯಿತು.

"ಸರಿ ಐತ್ರಿ" ಎಂದೆ.

ಅಂಜಿಕೆಯಿಂದ ಅಂದದ್ದಲ್ಲ. ಅವಳು ಒಮ್ಮೆಯಾದರೂ ಎಲ್ಲರ ಮುಂದೆ ತಪ್ಪಲಿ ಎಂಬ ಆಸೆಯಿಂದಲೇ ಅಂದೆ. ಇದನ್ನು ಬರೆಯುವಾಗ ಪೆನ್ನು ನಿಲ್ಲುತ್ತದೆ. ಆದರೂ ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಉಪಯೋಗವಿಲ್ಲ.

ಹೊರಗಿನಿಂದ ಪರಿಣತರು ಬಂದು ಬಾಗಲಕೋಟೆಯಲ್ಲಿ ಪರಿಶೀಲನಾ ಸಭೆ ನಡೆಯಿತು. ಶೈಲಜಾ ತನ್ನ ಮೆಟ್ಟಿಲಿನ ಚಿತ್ರ ತೋರಿಸಿದಳು. ಎಲ್ಲರೂ ತಲೆದೂಗಿದರು. ಅವಳನ್ನು ಕಾಯಂ ಮಾಡುವ ಕಾಗದ ಮೇಲಕ್ಕೆ ಹೋಗುತ್ತದೆ ಎಂದು ಪಾಟೀಲರು ಅಲ್ಲೇ ಹೇಳಿದರು. ನಾನು ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ನನ್ನ ಲೆಕ್ಕ ತಪ್ಪಿತ್ತು. ಅವಳು ಬೀಳಲೆಂದು ಹೇಳಿದ ಸುಳ್ಳು ಅವಳನ್ನು ಇನ್ನೂ ಎತ್ತರಕ್ಕೆ ಏರಿಸಿತ್ತು. ಚಪ್ಪಾಳೆ ಬಿದ್ದಾಗ ನಾನೂ ತಟ್ಟಿದೆ.

ಅವಳ ತಪ್ಪನ್ನು ಹಿಡಿದವರು ಆ ಪರಿಣತರಲ್ಲ. ಅವಳೇ. ಹೊರಪದರದ ದಪ್ಪ ಅಳೆಯಲು ಇನ್ನೊಂದು ದಾರಿಯಿದೆ. ಮೊಹೊ ದಾಟುವಾಗ ಅಲೆಯ ಒಂದು ಪಾಲು ರೂಪ ಬದಲಿಸಿ ನಿಧಾನವಾಗಿ, ಮೊದಲ ಅಲೆಯ ಹಿಂದೆ ನಾಲ್ಕೈದು ಸೆಕೆಂಡಿಗೆ ಬರುತ್ತದೆ. ಒಂದೇ ಪೆಟ್ಟಿಗೆಯ ಒಂದೇ ಗೆರೆಯಲ್ಲಿ ಆ ಎರಡರ ನಡುವಿನ ಅಂತರ ಅಳೆದರೆ ಸಾಕು. ಗಡಿಯಾರ ಮುಂದಿರಲಿ ಹಿಂದಿರಲಿ, ಎರಡಕ್ಕೂ ಒಂದೇ ತಪ್ಪು ಬೀಳುವುದರಿಂದ ಅಂತರ ಬದಲಾಗುವುದಿಲ್ಲ. ಸಭೆಯಾದ ಮೇಲೆ ಅವಳು ತನ್ನಷ್ಟಕ್ಕೆ ಕುಳಿತು ಇದನ್ನು ಮಾಡಿ ನೋಡಿದಳು. ಬಾದಾಮಿಯಲ್ಲೂ ಇಳಕಲ್ಲಿನಲ್ಲೂ ಅಂತರ ಒಂದೇ ಬಂತು. ಮೆಟ್ಟಿಲು ಇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಪಾಟೀಲರ ಮುಂದೆ ನಿಂತಾಗ ನಾನೂ ಅಲ್ಲೇ ಇದ್ದೆ.

"ಸರ್, ನನ್ನ ಮೆಟ್ಟಲಾ ಸುಳ್ಳ್ರೀ. ಇಳಕಲ್ಲ ಗಡಿಯಾರ ಮುಂದ ಓಡ್ಯದ ಅನ್ನಸ್ತದ."

ಪಾಟೀಲರು ಕನ್ನಡಕ ತೆಗೆದರು. "ರಿಜಿಸ್ಟರಿನ್ಯಾಗ ಸರಿ ಅಂತ ಐತೆಲ್ಲವಾ?"

ಅವಳು ನನ್ನ ಕಡೆ ತಿರುಗಲಿಲ್ಲ.

"ತಪ್ಪು ನಂದ ಸರ್. ಇಷ್ಟು ದೊಡ್ಡ ಮಾತು ಹೇಳೋಕಿಂತ ಮೊದಲ ನಾ ಸ್ವತಃ ಹೋಗಿ ನೋಡಬೇಕಿತ್ತು."

ಪಾಟೀಲರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, "ಹೂಂಹೂಂ" ಎಂದರು. ಪರಿಣತರಿಗೆ ತಿದ್ದುಪಡಿಯ ಕಾಗದ ಹೋಯಿತು. ಅವಳ ಕಾಯಂ ಕಾಗದ ಮಂಜೂರಾಗದೆ ಹಿಂದೆ ಬಂತು. ಆ ಕಾಯಂ ಜಾಗಕ್ಕೆ ಬೇರೆ ಊರಿನಿಂದ ಇನ್ನೊಬ್ಬರು ಬಂದರು. ಆ ತಿಂಗಳುಗಳ ಇಳಕಲ್ಲಿನ ದಾಖಲೆಯ ಮೇಲೆಲ್ಲ "ಸಮಯ ಅನುಮಾನ" ಎಂದು ಬರೆದು ಬದಿಗಿಟ್ಟರು. ಗಡಿಯಾರ ಯಾವ ದಿನ ಎಷ್ಟು ಮುಂದಿತ್ತು ಎಂದು ಗೊತ್ತಿಲ್ಲದೆ ಅದು ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಗೊತ್ತಿದ್ದದ್ದು ನನ್ನ ಜೇಬಿಗೆ ಮಾತ್ರ.

ಕಾಗದ ಹಿಂದೆ ಬಂದ ದಿನ ಸಂಜೆ ನಾನು ನವನಗರದ ಗಾಡಿಯ ಹತ್ತಿರ ನಿಂತು ಮಿರ್ಚಿ ಭಜಿ ತಿಂದೆ. ರುಚಿಯಾಗಿತ್ತು. ಅದನ್ನೂ ಬರೆಯುತ್ತೇನೆ, ಯಾಕೆಂದರೆ ತಪ್ಪು ಮಾಡಿದವನಿಗೆ ಆವತ್ತೇ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ ಎಂದು ನೀವು ತಿಳಿಯಬಾರದು. ಇಳಿಯುತ್ತದೆ. ಒಂದು ಸಂಜೆಯ ಮಟ್ಟಿಗೆ ನಾನು ಗೆದ್ದಿದ್ದೆ. ಮರುದಿನ ಅವಳು ಎಂದಿನಂತೆ ನಮಸ್ಕಾರ ಮಾಡಿ ಪರದೆಯ ಮುಂದೆ ಕುಳಿತಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಸಂಗಣ್ಣನ ಹೆಸರು ಹೇಳದೆ ಬಿಡುತ್ತಿರಲಿಲ್ಲ. ಇಷ್ಟು ದಿನ ಗೆರೆ ಓದುವ ಅವಳ ಕಣ್ಣಿನ ಮೇಲೆ ಕಿಚ್ಚಿತ್ತು, ಈಗ ಅವಳ ಒಳ್ಳೆಯತನದ ಮೇಲೂ ಹುಟ್ಟಿತು. ಎರಡನೆಯದು ಹೆಚ್ಚು ಉರಿಯುತ್ತದೆ.

ಅವಳು ಬಿಟ್ಟು ಹೋಗಲಿಲ್ಲ. ತಾತ್ಪೂರ್ತಿಕವಾಗಿಯೇ ವರ್ಷಗಟ್ಟಲೆ ದುಡಿದಳು. ಆಮೇಲಿನಿಂದ ಯಾವ ದಾಖಲೆ ಬಂದರೂ ಅವಳು ತಾನೇ ಜೀಪು ಹತ್ತಿ ಗಡಿಯಾರ ನೋಡಿ ಬರುತ್ತಿದ್ದಳು. ನನ್ನನ್ನು ಕೇಳುವುದನ್ನು ನಿಲ್ಲಿಸಿದಳು. ಮರ್ಯಾದೆ ಮೊದಲಿನಷ್ಟೇ, ಆದರೆ ಪ್ರಶ್ನೆಗಳಿಲ್ಲ. ಒಬ್ಬ ವೀಕ್ಷಕನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಪಾಟೀಲರು ನಿವೃತ್ತರಾದರು. ಕೊನೆಗೆ ಅವಳು ಕಾಯಂ ಆದಳು, ಆಮೇಲೆ ನಮ್ಮ ಕಚೇರಿಗೇ ಅಧಿಕಾರಿಯಾದಳು. ನಾನು ಅವಳಿಗೆ ಮೇಡಂ ಎನ್ನತೊಡಗಿದೆ. ಅವಳ ಹೆಸರಿನ ಹಲಗೆಯನ್ನು ಬಾಗಿಲಿಗೆ ಮೊಳೆ ಹೊಡೆದು ಹಾಕಿದವನೂ ನಾನೇ. ಆಗಲೂ ಕೈ ಸ್ವಲ್ಪ ಜೋರಾಗಿಯೇ ಹೊಡೆಯಿತು.

ನನ್ನ ನಿವೃತ್ತಿಯ ವಾರ ಬಂತು. ನನ್ನ ಮೇಜು ಖಾಲಿ ಮಾಡುವಾಗ ಹಳೆಯ ಜೇಬಿನ ಪುಸ್ತಕಗಳ ಕಟ್ಟು ಸಿಕ್ಕಿತು. ಹರಿದು ಹಾಕಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ದಿನಗಳಲ್ಲೇ ಒಬ್ಬ ಸಂಶೋಧಕಿ ಬಂದು, ಆ ತಿಂಗಳ ಭೂಕಂಪಗಳು ಇಳಕಲ್ಲಿನಲ್ಲಿ ಎಷ್ಟು ಚೆನ್ನಾಗಿ ಮೂಡಿವೆ, ಸಮಯ ಒಂದು ಸರಿ ಇದ್ದಿದ್ದರೆ ಎಂದು ಮೇಡಂ ಅವರ ಮುಂದೆ ಪೇಚಾಡಿದ್ದನ್ನು ಕೇಳಿದ್ದೆ. ಮಧ್ಯಾಹ್ನ ಊಟದ ಹೊತ್ತಿಗೆ ಆ ಒಂದು ಪುಸ್ತಕ ಹಿಡಿದು ಅವಳ ಕೋಣೆಗೆ ಹೋದೆ. ಅವಳು ಡಬ್ಬಿ ಬಿಚ್ಚುತ್ತಿದ್ದಳು.

"ಬರ್ರಿ ಸಂಗಣ್ಣಾರ, ಊಟಾ ಆತೇನ್ರಿ?"

ನಾನು ನಿಂತೇ ಹೇಳಿದೆ. "ಮೇಡಂ, ಅವತ್ತು ಇಳಕಲ್ಲ ಗಡಿಯಾರ ಸರಿ ಇರಲಿಲ್ಲ. ನಂಗ ಗೊತ್ತಿತ್ತು. ನೀವು ಕೇಳಿದಾಗ ಬೇಕಂತ ಸುಳ್ಳ ಹೇಳಿದೆ."

ಅವಳು ಡಬ್ಬಿ ಮುಚ್ಚಿದಳು. "ನಿಮಗ ಗೊತ್ತಿತ್ತು ಅಂತ ನಂಗ ಗೊತ್ತಿತ್ರಿ."

"ಯಾವಾಗಿಂದ?"

"ಅಂತರ ಎರಡೂ ಕಡೆ ಒಂದ ಬಂದಾಗಿಂದ. ನಿಮ್ಮಂಥವರು ಗಡಿಯಾರ ನೋಡದ ಬರೋದು ಸಾಧ್ಯ ಇರಲಿಲ್ಲ. ನೋಡಿ ಸುಳ್ಳ ಬರದೀರಿ ಅಂತನ ಆತು." ಅವಳ ದನಿ ಏರಲಿಲ್ಲ. "ಎಷ್ಟೋ ವರ್ಷ ಭಾಳ ಸಿಟ್ಟಿತ್ತು ಸಂಗಣ್ಣಾರ. ಯಾಕ ಮಾಡಿದಿರಿ?"

"ನಿಮ್ಮ ಮ್ಯಾಲ ಹೊಟ್ಟಿಕಿಚ್ಚಿತ್ರಿ."

ಅವಳು ಅದನ್ನು ಕೇಳಿ ಆಶ್ಚರ್ಯಪಡಲಿಲ್ಲ. ನಾನು ಕ್ಷಮೆ ಎಂಬ ಮಾತು ತೆಗೆಯುವಷ್ಟರಲ್ಲಿ ಕೈ ಎತ್ತಿ ತಡೆದಳು. "ಅದು ಈಗ ಬ್ಯಾಡ್ರಿ. ನಾ ಕ್ಷಮಾ ಮಾಡಿದ್ರೂ ಮಾಡದಿದ್ರೂ ದಾಖಲಿ ಸರಿ ಆಗೂದಿಲ್ಲ. ಎಷ್ಟು ಮುಂದ ಇತ್ತು, ಅಂಕಿ ಇಟ್ಟೀರೇನು?"

ನಾನು ಪುಸ್ತಕ ಮೇಜಿನ ಮೇಲಿಟ್ಟೆ. ಅವಳು ತೆರೆದು ಒಂದೊಂದೇ ಪುಟ ತಿರುವಿದಳು. ಪ್ರತಿ ಭೇಟಿಯ ದಿನ, ಹೊತ್ತು, ಗಡಿಯಾರ ಎಷ್ಟು ಮುಂದೆ, ಎಲ್ಲ ನನ್ನ ಸಣ್ಣ ಅಕ್ಷರದಲ್ಲಿತ್ತು. ಅವಳ ಮುಖದಲ್ಲಿ ಸಿಟ್ಟಿಗಿಂತ ಬೇರೆಯದೇನೋ ಬಂತು. ಕೆಲಸ ಬಲ್ಲವರಿಗೆ ಒಳ್ಳೆಯ ದಾಖಲೆ ಕಂಡಾಗ ಬರುವಂಥದ್ದು. ಎದ್ದು ಹೋಗಿ ಕಪಾಟಿನಿಂದ ಇಳಕಲ್ಲಿನ ಹಳೆಯ ರಿಜಿಸ್ಟರು ತಂದಳು.

"ಇದರಾಗ ಬರೀರಿ. ಪ್ರತಿಯೊಂದು ತಾರೀಖಿನ ಮುಂದ ತಿದ್ದುಪಡಿ ಹಾಕ್ರಿ. ಕೆಳಗ ನಿಮ್ಮ ಸಹಿ, ಇವತ್ತಿನ ತಾರೀಖು. ಯಾಕ ತಡಾ ಆತು ಅನ್ನೋದೂ ಬರೀರಿ."

"ಹೊಟ್ಟಿಕಿಚ್ಚಂತ ಬರೀಲೇನ್ರಿ ಮೇಡಂ?"

"ಬೇಕಂತ ಮುಚ್ಚಿಟ್ಟೆ ಅಂತ ಬರೀರಿ. ಅಷ್ಟು ಸಾಕು."

ನಾನು ಕುಳಿತು ಬರೆದೆ. "ಸರಿ" ಎಂಬ ಹಳೆಯ ಶಬ್ದಗಳನ್ನು ಒಂದೊಂದಾಗಿ ಹೊಡೆದು, ಪಕ್ಕದಲ್ಲಿ ಅಂಕಿ ಹಾಕುತ್ತ ಬಂದೆ. ಕೆಳಗೆ, ಈ ದೋಷ ನನಗೆ ಗೊತ್ತಿದ್ದೂ ಬೇಕೆಂದೇ ಮುಚ್ಚಿಟ್ಟಿದ್ದೆ ಎಂದು ಬರೆದು ಸಹಿ ಮಾಡಿದೆ. ಮೂವತ್ತು ವರ್ಷದಲ್ಲಿ ಅಷ್ಟು ನಿಧಾನವಾಗಿ ಎಂದೂ ಸಹಿ ಮಾಡಿದವನಲ್ಲ. ರಿಜಿಸ್ಟರನ್ನು ಅವಳ ಕಡೆ ತಿರುಗಿಸಿ ಕೊಟ್ಟೆ. ಮೈಯೆಲ್ಲ ಹಗುರಾದಂತಿತ್ತು. ಅವಳು ಕನ್ನಡಕ ಸರಿಮಾಡಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು, ಮತ್ತೆ ಮೇಲಕ್ಕೆ ಹೋದಳು.

"ಸಂಗಣ್ಣಾರ, ಗಡಿಯಾರ ಮುಂದ ಓಡಿತ್ತಲ್ರೀ?"

"ಹೌದ್ರಿ."

"ಮತ್ತ ತಿದ್ದುಪಡಿ ಕಳೀಬೇಕು. ನೀವು ಎಲ್ಲಾ ಕಡೆ ಕೂಡಸೋ ಚಿಹ್ನಿ ಹಾಕೀರಿ."

ನೋಡಿದೆ. ಖರೆ. ಒಂದು ಸಾಲಿನಲ್ಲೂ ಬಿಡದೆ ಅಧಿಕ ಚಿಹ್ನೆ ಹಾಕಿದ್ದೆ. ಇದನ್ನು ಯಾರಾದರೂ ಹಾಗೇ ಬಳಸಿದ್ದರೆ ಅವಳ ಸುಳ್ಳು ಮೆಟ್ಟಿಲು ಎರಡರಷ್ಟು ಎತ್ತರವಾಗುತ್ತಿತ್ತು. ನನ್ನ ಪಾಪ ಒಪ್ಪಿಕೊಂಡು ಮುಗಿಸಿದ ಗಳಿಗೆಯಲ್ಲೇ ನನ್ನ ತಪ್ಪು ಅವಳ ಕಣ್ಣಿಗೆ ಬಿದ್ದಿತ್ತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹೊಟ್ಟೆಯಲ್ಲಿ ಆ ಹಳೆಯ ಕಿಚ್ಚು ಮತ್ತೆ ಚುರುಕ್ ಎಂದಿತು.

ಪೆನ್ನು ತೆಗೆದುಕೊಂಡು ಮೊದಲ ಸಾಲಿನಿಂದ ಒಂದೊಂದೇ ಚಿಹ್ನೆ ಹೊಡೆದು ಋಣ ಎಂದು ತಿದ್ದಿದೆ, ಪ್ರತಿಯೊಂದರ ಪಕ್ಕದಲ್ಲೂ ಸಣ್ಣ ಸಹಿ ಹಾಕಿದೆ. ಅವಳು ಪಕ್ಕದಲ್ಲಿ ನಿಂತು ಎಲ್ಲ ಮುಗಿಯುವವರೆಗೆ ನೋಡಿದಳು, ಕೊನೆಯಲ್ಲಿ "ಹೂಂ" ಎಂದು ತಾನೂ ಸಹಿ ಮಾಡಿದಳು.